ಬೀಳ್ಕೊಡುಗೆಯ ದಿನದ ಮುಖಪುಟ

ಹಡಗಿಗೆ ಬಳಸುವ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಧೂಳು ಕೆಲಸಗಾರರ ಶ್ವಾಸಕೋಶ ತಿನ್ನುತ್ತಿದೆ ಎಂಬುದು ಹಡಗುಕಟ್ಟೆಯ ಮಾಲೀಕರಿಗೆ ಮೊದಲೇ ಗೊತ್ತಿತ್ತು. ಇದನ್ನು ವರದಿಗಾರ್ತಿ ವೀಬ್ಕೆ ಟಾಮೆನ್ ಆರು ತಿಂಗಳು ಅಲೆದು ಬರೆದಿದ್ದಳು. ಅವಳು ಕೆಲಸ ಮಾಡುತ್ತಿದ್ದ ಬಂದರು ಊರಿನ ಪತ್ರಿಕೆಯ ಸಂಪಾದಕ ರಾಡೆಮಾಕರ್ ಆ ವರದಿಯನ್ನು ಡ್ರಾಯರಿಗೆ ತಳ್ಳಿ, ಅವಳನ್ನು ಮೊಲ ಸಾಕುವವರ ಸಂಘದ ಸುದ್ದಿಗೆ ಹಾಕಿದ. ಒಂಬತ್ತು ವರ್ಷ ಅವಳು ಹಲ್ಲು ಕಚ್ಚಿಕೊಂಡು ಮೊಲಗಳ ಬಗ್ಗೆ ಬರೆದಳು. ಅಷ್ಟರಲ್ಲಿ ಹದಿನಾಲ್ಕು ಮಂದಿ ಕೆಲಸಗಾರರು ಕೆಮ್ಮಿ ಕೆಮ್ಮಿ ಸತ್ತರು. ಒಬ್ಬೊಬ್ಬರನ್ನು ಮಣ್ಣು ಮಾಡುವಾಗಲೂ ಅವಳು ಅಲ್ಲಿದ್ದಳು.

ಹದಿನಾಲ್ಕನೆಯವನ ಹೆಂಡತಿ ಗೆಸೀನೆ ಹಡಗುಕಟ್ಟೆಯ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತಿದ್ದವಳು. ಸ್ಮಶಾನದಿಂದ ಬಂದು ಎಲ್ಲರೂ ಕಾಫಿಗೆ ಕೂತಾಗ ಅವಳು ವೀಬ್ಕೆಯ ಕೈಗೆ ಒಂದು ಹಳೆಯ ಪತ್ರ ತುರುಕಿದಳು.

"ತಗೋಳಮ್ಮ, ನಿಮ್ಮ ದೊಡ್ಡ ಮನುಷ್ಯನ ರುಜು ನೋಡು."

ವರದಿ ಅಚ್ಚಾಗದಂತೆ ನೋಡಿಕೊಳ್ಳುತ್ತೇನೆ ಎಂದು ರಾಡೆಮಾಕರ್ ಆ ಪತ್ರದಲ್ಲಿ ಮಾಲೀಕರಿಗೆ ಮಾತು ಕೊಟ್ಟಿದ್ದ.

ವೀಬ್ಕೆ ಪತ್ರವನ್ನೂ ವರದಿಯನ್ನೂ ಹ್ಯಾಂಬರ್ಗಿನ ಪತ್ರಿಕೆಯೊಂದಕ್ಕೆ ಒಯ್ದಳು. ರಾಡೆಮಾಕರ್ ನಿವೃತ್ತನಾಗುವ ದಿನವೇ ಎರಡೂ ಮುಖಪುಟದಲ್ಲಿ ಬಂದವು. ಬೀಳ್ಕೊಡುಗೆ ಸಮಾರಂಭದಲ್ಲಿ ಮೇಯರ್ ಅವನನ್ನು ಹೊಗಳುತ್ತಿರುವಾಗಲೇ ಅವಳು ಪತ್ರಿಕೆಯನ್ನು ಅವನ ಮುಂದೆ ಬಿಡಿಸಿಟ್ಟಳು. ಓದುತ್ತಾ ಹೋದಂತೆ ಅವನ ಮುಖ ಸುಣ್ಣದಂತೆ ಬಿಳಿಚಿತು.

"ಇದನ್ನ ಸತ್ತೋರಿಗೋಸ್ಕರ ಬರೆದ್ಯಾ, ನನ್ನ ಮೇಲಿನ ಹಗೆಗಾ?"

"ಬರೆದದ್ದು ಸತ್ತೋರಿಗೋಸ್ಕರ ಸರ್. ಇವತ್ತೇ ಬರಬೇಕು ಅಂತ ಹಟ ಹಿಡಿದದ್ದು ಹಗೆಗೆ."

ಮೇಯರ್ ತಂದಿದ್ದ ಹೂಗುಚ್ಛ ಕೊಡದೆಯೇ ಹೊರಟುಹೋದರು. ಮರುವಾರ ಪೊಲೀಸರು ಹಡಗುಕಟ್ಟೆಯ ಕಡತಗಳನ್ನೆಲ್ಲ ಹೊತ್ತೊಯ್ದರು. ಬಾಗಿಲಲ್ಲಿ ಗೆಸೀನೆಯ ಪಕ್ಕ ನಿಂತು ಅದನ್ನು ನೋಡಿದ ವೀಬ್ಕೆಗೆ ಹೊಟ್ಟೆ ತಣ್ಣಗಾಯಿತು.