ಪಾಪಯ್ಯನ ಕೋಳಿಗಳಿಗೆ ಎರಡು ಶಿಫ್ಟ್

ಇಪ್ಪತ್ತು ವರ್ಷ ಪೀಣ್ಯದ ಒಂದು ಕಾರ್ಖಾನೆಯ ಗೇಟು ಕಾದ ಪಾಪಯ್ಯ, ತೊಂಬತ್ತೆಂಟನೇ ಇಸವಿಯ ಜನವರಿಯಲ್ಲಿ ರಿಟೈರಾಗಿ ದಾಸರಹಳ್ಳಿಯ ಮನೆಗೆ ಬಂದು ಕೂತ. ಕೂತ ಮೇಲೇ ಅವನಿಗೆ ಗೊತ್ತಾದದ್ದು, ಈ ಮನೆಯಲ್ಲಿ ತನಗೆ ಕೆಲಸವೇ ಇಲ್ಲ ಎಂದು. ಹಾಲು ಕಾಯಿಸಲು ಹೋಗಿ ಉಕ್ಕಿಸಿದ. ರಾಗಿ ಬೀಸಿಸಲು ಮಿಲ್ಲಿಗೆ ಹೋಗಿ ಇನ್ಯಾರದೋ ಹಿಟ್ಟು ಹೊತ್ತು ತಂದ. ಬಟ್ಟೆ ಒಣಗಿಸುವ ತಂತಿ ಬಿಗಿ ಮಾಡಲು ಹೋಗಿ, ಒಗೆದ ಬಟ್ಟೆಯನ್ನೆಲ್ಲ ಮಣ್ಣುಪಾಲು ಮಾಡಿದ. "ಒಸದ್ರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ್ನಂತೆ. ದಮ್ಮಯ್ಯ ಅಂತೀನಿ, ಸುಮ್ಕೆ ಒಂದ್ಕಡೆ ಕೂತ್ಕೊಳ್ರಿ" ಎಂದಳು ಹೆಂಡತಿ ಅಂಜಿನಮ್ಮ. ಸುಮ್ಮನೆ ಕೂರುವ ಕೆಲಸವನ್ನು ಪಾಪಯ್ಯ ಜನ್ಮದಲ್ಲಿ ಮಾಡಿದವನಲ್ಲ.

ಅಂಜಿನಮ್ಮನದು ಹಾಗಲ್ಲ. ಹಿತ್ತಲ ನುಗ್ಗೇಮರದ ಕೆಳಗೆ ಅವಳ ಐದು ನಾಟಿಕೋಳಿ, ಒಂದು ಹುಂಜ. ಆ ಮೊಟ್ಟೆಗಾಗಿ ಮೂರು ಬೀದಿಯ ಬಾಣಂತಿಯರ ಮನೆಯವರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಯಾರ ಕೋಳಿ ತೂಕಡಿಸಿದರೂ, ಯಾರ ಕೋಳಿ ಕಾವಿಗೆ ಕೂರದಿದ್ದರೂ ಅಂಜಿನಮ್ಮನನ್ನೇ ಕೇಳಬೇಕು. ಚಿಕ್ಕಬಾಣಾವರದಲ್ಲಿದ್ದ ಅವಳ ತಂಗಿ ಲಕ್ಷ್ಮಮ್ಮನೂ ಕೋಳಿ ಸಾಕಿದ್ದಳು. ಅವಳಂತೂ ಅಕ್ಕನ ಮಾತು ವೇದವೆಂದು ನಂಬಿದ್ದಳು. ಕೋಳಿಯ ವಿಷಯದಲ್ಲಿ "ನಂಗೊತ್ತಿಲ್ಲ" ಎಂಬ ಮಾತು ಅಂಜಿನಮ್ಮನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ.

ಯುಗಾದಿಗೆ ಮೂರು ವಾರ ಇರುವಾಗ ಹೆಸರಘಟ್ಟ ರಸ್ತೆಯ ಕಡೆಯ ಒಂದು ಕೋಳಿ ಫಾರಂ ಮುಚ್ಚಿತು. ಜಾಗ ಲೇಔಟ್ ಆಗುವುದಿತ್ತು. ಪಾಪಯ್ಯನ ಗುರುತಿನ ಫಾರಂ ಮಾಲೀಕ, "ತಗೊಂಡೋಗು ಪಾಪಣ್ಣ" ಎಂದು ನಾಲ್ಕು ಬಿಳಿ ಕೋಳಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಸೈಕಲ್ಲಿಗೆ ಕಟ್ಟಿಕೊಟ್ಟ. ಮನೆಗೆ ತಂದು ಪೆಟ್ಟಿಗೆ ಬಿಚ್ಚಿದರೆ ಅಂಜಿನಮ್ಮ ಸೊಂಟದ ಮೇಲೆ ಕೈಯಿಟ್ಟಳು. ಅವುಗಳ ಕೊಕ್ಕಿನ ತುದಿಯನ್ನು ಫಾರಮ್ಮಿನವರು ಕತ್ತರಿಸಿದ್ದರು. ಕುತ್ತಿಗೆಯಲ್ಲಿ ಪುಕ್ಕವೇ ಇರಲಿಲ್ಲ. ಹುಟ್ಟಿದಂದಿನಿಂದ ತಂತಿಯ ಮೇಲೇ ನಿಂತಿದ್ದ ಆ ಜೀವಗಳು ಮಣ್ಣಿನ ಮೇಲೆ ಬಿಟ್ಟರೆ ಕಾಲೆತ್ತಿ ಕಾಲಿಡಲು ಹೆದರುತ್ತಿದ್ದವು.

"ಇವು ಕೋಳಿಯೇನ್ರೀ? ನನ್ ಕೋಳಿ ಇವನ್ನ ಒಂದೇ ದಿನದಾಗೆ ಕುಕ್ಕಿ ಸಾಯಿಸ್ತವೆ. ಇವತ್ತೇ ಸಾರು ಮಾಡಾಕ್ತೀನಿ."

"ಬೇಡ ಕಣೆ. ನಾನು ಸಾಕ್ತೀನಿ."

"ನೀವಾ?"

ಆ ಒಂದು ಪದ ಪಾಪಯ್ಯನಿಗೆ ನೆಟ್ಟಗೆ ಎದೆಗೆ ನಾಟಿತು. ಹಟ ಹಿಡಿದು ನಿಂತ. ಕೊನೆಗೆ ಅಂಜಿನಮ್ಮ ತೀರ್ಪು ಕೊಟ್ಟಳು. "ಒಸತೊಡಕಿನ ತಂಕ ಟೈಮು. ಅಷ್ಟರಾಗೆ ನನ್ ಕೋಳಿ ಜೊತೆ ಸೇರ್ಕೊಂಡು, ಒಂದೇ ಗೂಡ್ನಾಗೆ ಮಲಗಿದ್ರೆ ಇರ್ಲಿ. ಇಲ್ದಿದ್ರೆ ಅವತ್ತು ಲಕ್ಷ್ಮಿ ಬರ್ತಾಳೆ, ನಾಲ್ಕನ್ನೂ ಕುಯ್ಯೋದೇ." ಯುಗಾದಿಯ ಮಾರನೆಯ ದಿನ ಹೊಸತೊಡಕು, ಹಬ್ಬದ ಹೋಳಿಗೆ ಉಂಡ ಬಾಯಿಗೆ ಅಂದು ಆ ಸೀಮೆಯ ಮನೆಮನೆಯಲ್ಲೂ ಮಾಂಸದಡುಗೆ. ಪಾಪಯ್ಯ ಕೋಳಿಗಳ ಮುಖ ನೋಡಿದ. "ಅವನ್ನೂ ಒಂದು ಮಾತು ಕೇಳೋಣ" ಎಂದು ನಗೆಯಾಡಲು ನೋಡಿದ. "ಕೋಳೀನ ಕೇಳಿ ಮಸಾಲೆ ಅರೀತಾರಾ?" ಎಂದು ಅವಳು ಒಳಗೆ ಹೋದಳು.

ಮೊದಲ ವಾರ ಅಂಜಿನಮ್ಮನ ಕಟ್ಟಪ್ಪಣೆಯಂತೆ ಹೊಸ ಕೋಳಿಗಳನ್ನು ಬಚ್ಚಲ ಪಕ್ಕದಲ್ಲಿ ಬೇರೆಯಾಗಿಟ್ಟರು. ಕೊಕ್ಕರೆ ರೋಗ ಏನಾದರೂ ಇದ್ದರೆ ಇಡೀ ಹಿತ್ತಲು ಖಾಲಿಯಾಗುತ್ತದೆ, ಆ ಮಾತು ಸರಿಯೇ. ರೋಗವಿರಲಿಲ್ಲ. ಎಂಟನೆಯ ದಿನ ಪಾಪಯ್ಯ ಕೈಯಲ್ಲಿ ಹಳೆಯ ಡ್ಯೂಟಿಯ ಕೋಲು ಹಿಡಿದು, ಬೆಳಿಗ್ಗೆಯೇ ನಾಲ್ಕನ್ನೂ ಹಿತ್ತಲ ನಡುವೆ ಬಿಟ್ಟ.

ನಾಟಿಕೋಳಿಗಳ ಮುಂದಾಳು ಕೆಂಚಿ ಎಂಬ ಕೆಂಪು ಕೋಳಿ. ಅದು ಒಂದು ಗಳಿಗೆ ತಲೆ ಓರೆ ಮಾಡಿ ನೋಡಿತು. ಆಮೇಲೆ ಕುತ್ತಿಗೆಯ ಪುಕ್ಕ ನಿಗುರಿಸಿಕೊಂಡು ಬಂದದ್ದೇ ಬಂದದ್ದು. ಅದರ ಹಿಂದೆ ಉಳಿದ ನಾಲ್ಕು ನಾಟಿಕೋಳಿಯೂ ಬಂದವು. ಹುಂಜ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಗೋಡೆ ಹತ್ತಿ ಕೂತಿತು. ಮನೆಯಲ್ಲಿ ಹೆಂಗಸರ ಜಗಳವಾದಾಗ ಯಜಮಾನರು ಪೇಪರ್ ಓದುವುದಿಲ್ಲವೇ, ಹಾಗೆ. ಪಾಪಯ್ಯ "ಏಯ್! ಏಯ್!" ಎಂದು ಕೋಲು ಬೀಸುತ್ತ ಹಿತ್ತಲ ತುಂಬ ಓಡಿದ. ಕೆಂಚಿಯನ್ನು ಅಟ್ಟಿದರೆ ಇನ್ನೊಂದು ಕುಕ್ಕಿತು, ಅದನ್ನು ಅಟ್ಟಿದರೆ ಕೆಂಚಿ ತಿರುಗಿ ಬಂತು. ಕಾಲು ಗಂಟೆಯಲ್ಲಿ ಒಂದು ಬಿಳಿಕೋಳಿಯ ಜುಟ್ಟು ರಕ್ತವಾಯಿತು. ಅಂಜಿನಮ್ಮ ಅರಿಶಿನ ತಂದು ಮೆತ್ತಿದಳು.

ಮಾರನೆಯ ದಿನ ಅವಳೇ ಕನಿಕರಪಟ್ಟು ಒಂದು ಉಪಾಯ ಹೇಳಿದಳು. "ಮಬ್ಬಾದ ಮ್ಯಾಲೆ ಕೋಳಿಗೆ ಕಣ್ ಕಾಣಾಕಿಲ್ಲ. ಆವಾಗ ಸದ್ದು ಮಾಡ್ದಂಗೆ ಗೂಡ್ನಾಗೆ ಕೂರ್ಸ್‌ಬುಡಿ. ಬೆಳಗ್ಗೆ ಎದ್ರೆ ಎಲ್ಲಾ ಒಂದೇ ಅಂದ್ಕಂತವೆ." ಪಾಪಯ್ಯ ಹಾಗೆಯೇ ಮಾಡಿದ. ಆದರೆ ಅವನ ಮೂಗಿನ ನೇರದ ಬುದ್ಧಿ ಎಲ್ಲಿ ಹೋದೀತು! ಫಾರಮ್ಮಿನಲ್ಲಿ ಕತ್ತಲಾದ ಮೇಲೂ ಲೈಟು ಉರಿಯುತ್ತಿದ್ದುದನ್ನು ಅವನು ಕಂಡಿದ್ದ. ಕಾರ್ಖಾನೆಯ ಗೇಟಿನಲ್ಲೂ ಲೈಟು ಆರಿದರೆ ಮರುದಿನ ಮೆಮೊ ಬರುತ್ತಿತ್ತು. ಪಾಪ, ಕತ್ತಲು ಕಂಡರಿಯದ ಕೋಳಿಗಳು ಹೆದರಿಕೊಂಡಾವು ಎಂದು ವೈರು ಎಳೆದು ಗೂಡಿನೊಳಗೆ ಒಂದು ಬಲ್ಬು ಹಾಕಿ, ತನ್ನ ಮುಂದಾಲೋಚನೆಗೆ ತಾನೇ ಮೆಚ್ಚಿ ಒಳಗೆ ಬಂದು ಊಟಕ್ಕೆ ಕೂತ. ಮೊದಲ ತುತ್ತು ಮುದ್ದೆ ಗಂಟಲಿಗೆ ಇಳಿಯುವ ಮೊದಲೇ ಹಿತ್ತಲಲ್ಲಿ ಯುದ್ಧ ಶುರುವಾಯಿತು. ಬೆಳಕಿನಲ್ಲಿ ಕೆಂಚಿಗೆ ಹೊಸಬರ ಒಂದೊಂದು ಪುಕ್ಕವೂ ಕಂಡಿತ್ತು.

"ಬಲ್ಬ್ ಆಕೋಕೆ ನಿಮ್ಗೆ ಯಾರೇಳಿದ್ರು?" ಎಂದು ಅಂಜಿನಮ್ಮ ತಲೆ ಚಚ್ಚಿಕೊಂಡಳು. "ಮಸಾಲೆ ಸಾಮಾನು ತರ್ಸ್‌ತೀನಿ ಬುಡಿ."

ಪಾಪಯ್ಯನಿಗೆ ಅಂದು ತನ್ನ ಬಗ್ಗೆಯೇ ಅಸಹ್ಯವಾಯಿತು. ಹಬ್ಬಕ್ಕೆ ಹನ್ನೆರಡು ದಿನ ಉಳಿದಿತ್ತು. ಆ ನಾಲ್ಕು ಕೋಳಿ ಸಾರಾದರೆ ತಾನೂ ಈ ಮನೆಯಲ್ಲಿ ಮೂಲೆಗೆ ಬಿದ್ದ ಹಾಗೆಯೇ ಎಂದು ಅವನಿಗೆ ಖಚಿತವಾಗಿ ಅನ್ನಿಸಿತ್ತು.

ಮರುದಿನ ಮಧ್ಯಾಹ್ನ ಕಾರ್ಖಾನೆಯ ಎರಡು ಗಂಟೆಯ ಸೈರನ್ ಕೂಗಿತು. ಪಾಪಯ್ಯ ಅಭ್ಯಾಸಬಲದಿಂದ ಎದ್ದು ನಿಂತ. ನಿಂತವನು ಹಾಗೆಯೇ ಯೋಚಿಸತೊಡಗಿದ. ಫಸ್ಟ್ ಶಿಫ್ಟಿನ ಇನ್ನೂರು ಜನ ಹೊರಗೆ, ಸೆಕೆಂಡ್ ಶಿಫ್ಟಿನ ಇನ್ನೂರು ಜನ ಒಳಗೆ. ಒಂದೇ ಮೆಷಿನ್ನು, ಒಂದೇ ಸ್ಟೂಲು. ಅರ್ಧ ದಿನ ಇವನದು, ಅರ್ಧ ದಿನ ಅವನದು. ನಡುವೆ ಹತ್ತು ನಿಮಿಷ ಇಬ್ಬರೂ ಗೇಟಿನ ಹತ್ತಿರ ಟೀ ಕುಡಿಯುತ್ತಿದ್ದರು. ಅಲ್ಲಿ ಜಗಳವಾದದ್ದನ್ನು ಅವನು ಕಂಡಿರಲಿಲ್ಲ. ಅಲ್ಲ, ಕಂಡಿದ್ದ. ಮೊದಲು ನೀರಿಗೆ ಒಂದೇ ನಲ್ಲಿ ಇತ್ತು, ಆಗ ದಿನವೂ ಕೊರಳಪಟ್ಟಿ ಹಿಡಿಯುತ್ತಿದ್ದರು. ಐದು ನಲ್ಲಿ ಹಾಕಿದ ಮೇಲೆ ನಿಂತಿತು.

ಅಂದು ಸಂಜೆಯೊಳಗೆ ಹಿತ್ತಲ ಮೂಲೆಯಲ್ಲಿ ತಂತಿ ಜಾಲರಿಯ ಒಂದು ಆವರಣ ಎದ್ದಿತು. ಆರರಿಂದ ಎರಡರ ತನಕ ನಾಟಿಕೋಳಿ ಹೊರಗೆ, ಬಿಳಿಕೋಳಿ ಜಾಲರಿಯೊಳಗೆ. ಸೈರನ್ ಕೂಗಿದರೆ ಅದಲು ಬದಲು. ಜಾಲರಿಯಾಚೆಯಿಂದ ಇವು ಅವನ್ನು, ಅವು ಇವನ್ನು ನೋಡುತ್ತ ದಿನ ಕಳೆದವು. ಕೆಂಚಿ ಮೊದಲೆರಡು ದಿನ ಜಾಲರಿಯನ್ನೇ ಕುಕ್ಕಿ ಸಾಕಾಗಿ ಬಿಟ್ಟಿತು. ಬಿಳಿಕೋಳಿಗಳು ಹೊರಗಿನ ಪಾಳಿಯಲ್ಲಿ ಮಣ್ಣು ಕೆರೆಯುವುದನ್ನು ಕಲಿತವು. ಒಂದು ಕೋಳಿ ಮೊದಲ ಸಲ ಎರೆಹುಳ ಹೆಕ್ಕಿದಾಗ ಪಾಪಯ್ಯ ಒಬ್ಬನೇ ಚಪ್ಪಾಳೆ ತಟ್ಟಿದ. ಐದನೆಯ ದಿನದಿಂದ ಶಿಫ್ಟು ಬದಲಾಗುವಾಗ ಹತ್ತು ನಿಮಿಷ ಎಲ್ಲವನ್ನೂ ಒಟ್ಟಿಗೆ ಬಿಟ್ಟು, ರಾಗಿಯನ್ನು ಹಿತ್ತಲ ಹತ್ತು ಕಡೆ ಚೆಲ್ಲಿದ. ಹೊಟ್ಟೆಯ ಪಾಡಿನ ಮುಂದೆ ಜಗಳ ಕಡಿಮೆಯಾಯಿತು. ಹತ್ತು ನಿಮಿಷ ಅರ್ಧ ಗಂಟೆಯಾಯಿತು.

ಆದರೆ ಪೂರ್ತಿ ನಿಲ್ಲಲಿಲ್ಲ. ಜುಟ್ಟಿಗೆ ಗಾಯವಾಗಿದ್ದ ಬಿಳಿಕೋಳಿಯನ್ನು ಕಂಡರೆ ಕೆಂಚಿಗೆ ಆಗುತ್ತಿರಲಿಲ್ಲ. ಅದು ಮೈಮೇಲೆ ಹೋಗುವುದು, ಪಾಪಯ್ಯ ಕೋಲು ಚಾಚಿ ತಡೆಯುವುದು. ಹಬ್ಬದ ದಿನದ ತನಕವೂ ಇದೇ.

ಯುಗಾದಿಯ ಮಧ್ಯಾಹ್ನ ಬೇವುಬೆಲ್ಲ ತಿಂದು, ಒಬ್ಬಟ್ಟು ಉಂಡು, ಅಂಜಿನಮ್ಮ ಹಿತ್ತಲ ಬಾಗಿಲಲ್ಲಿ ಬಂದು ಕೂತಳು. "ಬುಡಿ ಎಲ್ಲಾನೂ, ನೋಡೇಬುಡ್ತೀನಿ." ಪಾಪಯ್ಯ ಬಿಟ್ಟ. ಕೆಂಚಿ ಆ ಬಿಳಿಕೋಳಿಯ ಕಡೆಗೆ ನೆಟ್ಟಗೆ ನಡೆಯಿತು. ಪಾಪಯ್ಯನ ಕೋಲು ತಾನಾಗಿ ಮೇಲೆದ್ದಿತು.

ಎದ್ದದ್ದು ಅಲ್ಲೇ ನಿಂತಿತು. ಗೇಟಿನಲ್ಲಿ ಹೊಸ ಹುಡುಗರು ಸೇರಿದಾಗ ಹಳಬರು ಕಾಡಿಸುತ್ತಿದ್ದುದು ಅವನಿಗೆ ಗೊತ್ತಿತ್ತು. ಅವನು ಕಂಡೂ ಕಾಣದಂತೆ ಬಿಟ್ಟ ಹುಡುಗರು ವಾರದಲ್ಲಿ ಹಳಬರ ಜೊತೆಗೇ ಕೇರಂ ಆಡುತ್ತಿದ್ದರು. ತಾನು ಪ್ರತಿ ಸಲ ಮಧ್ಯೆ ಹೋಗಿ ಕಾಪಾಡುತ್ತಿದ್ದ ಒಬ್ಬ ಹುಡುಗ ಮಾತ್ರ ವರ್ಷವಾದರೂ ಹೊಸಬನಾಗಿಯೇ ಉಳಿದಿದ್ದ. ಇಲ್ಲೂ ತಾನು ಅದನ್ನೇ ಮಾಡುತ್ತಿದ್ದೇನಲ್ಲ! ಇವೆರಡರ ಲೆಕ್ಕ ತೀರಲು ತಾನೇ ಬಿಟ್ಟಿಲ್ಲ. ಪಾಪಯ್ಯ ಕೋಲನ್ನು ನೆಲಕ್ಕೆ ಹಾಕಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅಯ್ಯೋ, ತಡೀರಿ! ಸಾಯಿಸ್‌ಬುಡ್ತದೆ!" ಎಂದು ಅಂಜಿನಮ್ಮ ಎದ್ದಳು.

"ಕೂತ್ಕೊಳ್ಳೆ" ಎಂದ ಪಾಪಯ್ಯ. ಮದುವೆಯಾದ ಮೇಲೆ ಆ ದನಿಯಲ್ಲಿ ಅವನು ಮಾತಾಡಿದ್ದು ಅದೇ ಮೊದಲು. ಅವಳು ಕೂತಳು.

ಕೆಂಚಿ ಎಗರಿತು. ಬಿಳಿಕೋಳಿ ಓಡಲಿಲ್ಲ. ಓಡುವುದಕ್ಕೆ ಕೋಲಿನ ಮರೆಯೂ ಇರಲಿಲ್ಲ. ಹೊಸದಾಗಿ ಚಿಗುರಿದ ಕುತ್ತಿಗೆಯ ಪುಕ್ಕವನ್ನೆಲ್ಲ ಅರಳಿಸಿ ಎದೆಗೆ ಎದೆ ಕೊಟ್ಟು ಎಗರಿತು. ಒಂದು ಸಲ, ಎರಡು ಸಲ, ಧೂಳೆದ್ದಿತು. ಮೂರನೆಯ ಸಲ ಕೆಂಚಿ ಅದರ ನೆತ್ತಿಗೆ ಒಂದು ಕೊಟ್ಟಿತು. ಬಿಳಿಕೋಳಿ ತಲೆ ತಗ್ಗಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಿತು. ಅಷ್ಟೇ. ಕೆಂಚಿ ಮೈ ಕೊಡವಿ, ಬಂದ ಕೆಲಸ ಮುಗಿಯಿತೆಂಬಂತೆ ಅಲ್ಲೇ ಮಣ್ಣು ಕೆರೆಯತೊಡಗಿತು. ಸ್ವಲ್ಪ ಹೊತ್ತಿಗೆ ಬಿಳಿಕೋಳಿಯೂ ಮೊಳದ ದೂರದಲ್ಲಿ ನಿಂತು ಕೆರೆಯಿತು. ಅಂದು ಸಂಜೆ ಯಾರೂ ಎತ್ತಿ ಕೂರಿಸದೆ, ಬಲ್ಬಿಲ್ಲದ ಗೂಡಿಗೆ ಒಂಬತ್ತು ಕೋಳಿ ತಾವಾಗಿ ಹತ್ತಿದವು. ಹಿಂದಿನಿಂದ ಹುಂಜ, ಎಲ್ಲವನ್ನೂ ತಾನೇ ಸರಿಮಾಡಿದೆನೆಂಬ ಗತ್ತಿನಲ್ಲಿ ಹತ್ತಿತು. ಪಾಪಯ್ಯನ ಕಣ್ಣು ತುಂಬಿ ಬಂತು. ಅವನು ಒರೆಸಿಕೊಳ್ಳಲೂ ಇಲ್ಲ.

ಹೊಸತೊಡಕಿನ ಬೆಳಿಗ್ಗೆ ಲಕ್ಷ್ಮಮ್ಮ ಚಿಕ್ಕಬಾಣಾವರದಿಂದ ಬಂದವಳೇ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಹಿತ್ತಲಿಗೆ ಹೋದಳು. "ಎಲ್ಲಕ್ಕಾ ಆ ಫಾರಂ ಕೋಳಿ? ತಾ ಚಾಕು."

"ಅವನ್ನ ಮುಟ್ಬೇಡ. ಅವು ನಮ್ಮನೆ ಕೋಳಿ" ಎಂದಳು ಅಂಜಿನಮ್ಮ. "ಮಟನ್ ತರ್ಸ್‌ತೀನಿ."

ಲಕ್ಷ್ಮಮ್ಮ ಹಿತ್ತಲು ನೋಡಿದಳು. ಕೆಂಪು, ಕಪ್ಪು, ಬಿಳಿ ಎಲ್ಲ ಬೆರೆತು ತಿಪ್ಪೆ ಕೆದಕುತ್ತಿದ್ದವು. ಅವಳ ಬಾಯಿ ತೆರೆದೇ ಇತ್ತು. "ಅಕ್ಕಾ, ನಾನೂ ಓದ ತಿಂಗಳು ಇಂಥವೇ ಮೂರು ಫಾರಂ ಕೋಳಿ ತಂದಿದ್ದೆ ಕಣೆ. ನಮ್ಮವು ಕುಕ್ಕಿ ಕುಕ್ಕಿ ಒಂದನ್ನ ಸಾಯಿಸೇ ಬುಟ್ವು. ಇನ್ನೆರಡನ್ನ ಮಂಕರಿ ಕೆಳ್ಗೆ ಮುಚ್ಚಿಟ್ಟಿವ್ನಿ. ಇದೆಂಗೆ ಮಾಡ್ದೆ? ಏಳ್ಕೊಡೆ."

ಅಂಜಿನಮ್ಮ ಬಾಗಿಲ ಕಡೆ ತಿರುಗಿದಳು. ಅಲ್ಲಿ ಪಾಪಯ್ಯ ಮಟನ್ ತರಲು ಚೀಲ ಹಿಡಿದು ನಿಂತಿದ್ದ.

"ನಂಗೊತ್ತಿಲ್ಲ ಕಣೆ ಲಕ್ಷ್ಮಿ" ಎಂದಳು ಅಂಜಿನಮ್ಮ. "ನಿಮ್ ಭಾವನ್ನ ಕೇಳು."

ಪಾಪಯ್ಯ ಚೀಲವನ್ನು ಗೂಟಕ್ಕೆ ತಗುಲಿಹಾಕಿ, ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ.

"ಏಳ್ತೀನಿ, ಏಳ್ತೀನಿ" ಎಂದ. "ಮೊದ್ಲು ಒಂದ್ ಲೋಟ ಕಾಫಿ ಬರ್ಲಿ."

ಅಂಜಿನಮ್ಮ ಒಲೆ ಹಚ್ಚಲು ಒಳಗೆ ಹೋದಳು.