ಅಪ್ಪನ ಎಡಗೈ

ಅಪ್ಪನ ಎಡಗೈ ಲಿಂಗದ್ದು. ಚಿಕ್ಕವನಿದ್ದಾಗ ನನಗೆ ಸಿಗುತ್ತಿದ್ದದ್ದು ಬಲಗೈ ಮಾತ್ರ.

ಉಪ್ಪಿನಬೆಟಗೇರಿಯ ಮನೆಯಲ್ಲಿ ದಿನಾ ಬೆಳಿಗ್ಗೆ ಅವನು ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು, ಅರ್ಧ ಗಂಟೆ ಅದನ್ನೇ ನೋಡುತ್ತಿದ್ದ. ನನ್ನ ಮಾರ್ಕ್ಸ್‌ಕಾರ್ಡನ್ನು ನೋಡುತ್ತಿದ್ದದ್ದು ಸಹಿ ಹಾಕುವಷ್ಟು ಹೊತ್ತು. ಏಳು ವರ್ಷದವನಿದ್ದಾಗ ಒಮ್ಮೆ ಬೇಕೆಂದೇ ಅವನ ಮುಂದೆ ಬಿದ್ದು ಮೊಣಕಾಲು ತರಚಿಕೊಂಡೆ. ಪೂಜೆ ಮುಗಿಸಿಯೇ ಎದ್ದ.

ಆ ಕಲ್ಲಿನ ಮೇಲಿನ ಹೊಟ್ಟೆಕಿಚ್ಚನ್ನು ಹೇಗೋ ನುಂಗಿಕೊಂಡೆ. ದುರಗಪ್ಪನ ಮೇಲಿನದನ್ನು ನುಂಗಲಾಗಲಿಲ್ಲ.

ದುರಗಪ್ಪ ಅಪ್ಪನ ಕಾಳಿನ ಅಂಗಡಿಯಲ್ಲಿ ತೂಕ ಮಾಡುವವನು. ಎಂಟು ವರ್ಷದ ಹಿಂದೆ ತನಗೂ ಲಿಂಗ ಬೇಕೆಂದ. ಅಪ್ಪ ಅವನನ್ನು ಮಠಕ್ಕೆ ಕರೆದೊಯ್ದು ದೀಕ್ಷೆ ಕೊಡಿಸಿದ. ಅವನ ಜಾತಿ ಹಿಡಿದು ನಮ್ಮ ಬೀಗರು ಅಂಗಡಿಗೇ ಬಂದು ತಕರಾರು ತೆಗೆದರು. "ನಿಮ್ಮ ಕೊಳ್ಳಾಗಿರೂದೂ ಅದ ಲಿಂಗ, ಅವನ ಕೊಳ್ಳಾಗಿರೂದೂ ಅದ ಲಿಂಗ. ಚಾ ಕುಡೀರಿ, ಆರಾಕತ್ತೈತಿ" ಎಂದನಂತೆ ಅಪ್ಪ. ಹಾಸ್ಟೆಲ್ಲಿನಲ್ಲಿ ಗೆಳೆಯರಿಗೆ ಈ ಸಂಗತಿಯನ್ನು ಹೆಮ್ಮೆಯಿಂದ ಹೇಳಿದ್ದೆ. ರಜೆಯಲ್ಲಿ ಹೋದಾಗ ಅಂಗಡಿಯ ಒಳಗೋಣೆಯಲ್ಲಿ ಇಬ್ಬರೂ ಜೋಡಿಯಾಗಿ ಪೂಜೆಗೆ ಕೂತದ್ದನ್ನು ಕಂಡೆ. ಹೆಮ್ಮೆ ಅಲ್ಲಿಗೇ ಮುಗಿಯಿತು.

ನನ್ನ ಲಿಂಗವನ್ನು ಹಾಸ್ಟೆಲ್ಲಿನಲ್ಲೇ ಕಳೆದುಕೊಂಡಿದ್ದೆ. ರೂಮಿನವರಿಗೆ ತೋರಿಸಲು ತೆಗೆದಿಟ್ಟದ್ದು ಮತ್ತೆ ಸಿಗಲಿಲ್ಲ. ಕರಡಿಗೆ ಉಳಿಯಿತು. ಊರಿಗೆ ಹೋಗುವಾಗಲೆಲ್ಲ ಆ ಖಾಲಿ ಕರಡಿಗೆಯನ್ನೇ ಕೊರಳಿಗೆ ಹಾಕಿಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ.

ಈ ಬೇಸಿಗೆಯಲ್ಲಿ ಅಪ್ಪನಿಗೆ ತಲೆನೋವು ಶುರುವಾಯಿತು, ಒಂದು ಕಣ್ಣು ಮಂಜಾಯಿತು. ಡಾಕ್ಟರು ಎಂಆರ್‌ಐ ಬರೆದರು. ಒಬ್ಬನೇ ಹೋದವನು ಸ್ಕ್ಯಾನ್ ಮಾಡಿಸದೆ ವಾಪಸ್ ಬಂದ. ಮೈಮೇಲೆ ಏನೂ ಇರಬಾರದು, ಬೆಲ್ಟು ಗಡಿಯಾರ ಇಡುವ ಕಪಾಟಿನಲ್ಲಿ ಲಿಂಗವನ್ನೂ ಇಡಿ ಅಂದರಂತೆ.

"ಲಿಂಗ ಕಟ್ಟಿದವರ ಕೈಯಾಗ ಕೊಟ್ಟ ನಾ ಒಳಗ ಹೋಗಾಂವ" ಎಂದ ಫೋನಿನಲ್ಲಿ.

ಅವ್ವ ಇದ್ದಿದ್ದರೆ ಅವಳು ಹಿಡಿಯುತ್ತಿದ್ದಳು. ಅವಳು ತೀರಿ ಮೂರು ವರ್ಷವಾಗಿದೆ. "ನಾ ಹಿಡೀತೇನಿ" ಎಂದೆ. ತಾರಿಹಾಳದ ಕಾರ್ಖಾನೆಗೆ ರಜೆ ಹಾಕಿ, ಖಾಲಿ ಕರಡಿಗೆ ಕೊರಳಿಗೆ ಹಾಕಿಕೊಂಡು ವಿದ್ಯಾನಗರದ ಸ್ಕ್ಯಾನ್ ಸೆಂಟರಿಗೆ ಹೋದರೆ ಅಪ್ಪನ ಪಕ್ಕದಲ್ಲಿ ದುರಗಪ್ಪ ಕೂತಿದ್ದ.

"ಇವನ್ನ ಯಾಕ ಕರ್ಕೊಂಡು ಬಂದಿ?"

"ಬಸ್ಸಿನ್ಯಾಗ ಜೋಡಿ ಬೇಕಲ್ಲೋ."

"ಸಾವ್ಕಾರ್ರಿಗೆ ಕಿಡಕಿ ಸೀಟ್ ಹಿಡಿಯಾಕ ಬಂದೇನ್ರಿ" ಎಂದು ದುರಗಪ್ಪ ನಕ್ಕ. ನಾನು ನಗಲಿಲ್ಲ.

ಒಳಗಿನಿಂದ ಅಪ್ಪನ ಹೆಸರು ಕರೆದರು. "ದ್ಯಾಮಣ್ಣ ಯಾರ್ರಿ? ಲಗೂ ಬರ್ರಿ."

ಅಪ್ಪ ತನ್ನ ಕರಡಿಗೆಯನ್ನು ಕೊರಳಿನಿಂದ ತೆಗೆದ. "ನಿಂದೂ ಕೊಡು. ಎರಡೂ ಜೋಡಿ ಗಂಟ ಹಾಕತೇನಿ. ಎಲ್ಲೆರ ಬೀಳಸೀದಿ."

ಕೊಟ್ಟೆ. ತೆರೆದು ನೋಡುವವನಲ್ಲ ಎಂಬ ಧೈರ್ಯ. ಆದರೆ ಅದು ನಲವತ್ತು ವರ್ಷ ಕಾಳು ಹಿಡಿದ ಕೈ, ಬೊಗಸೆಯಲ್ಲೇ ತೂಕ ಹೇಳುವ ಕೈ. ಅಪ್ಪ ದಾರಕ್ಕೆ ಗಂಟು ಹಾಕುವುದನ್ನು ನಿಲ್ಲಿಸಿದ.

"ಹಗುರ ಐತೆಲ್ಲೊ."

ನಾನು ನೆಲ ನೋಡಿದೆ.

"ಎಂದಿನಿಂದ?"

"ಆರು ವರ್ಷಾತು."

ಬಯ್ಯಲಿಲ್ಲ. ನನ್ನ ಕರಡಿಗೆಯನ್ನು ನನ್ನ ಅಂಗಿಯ ಕಿಸೆಯಲ್ಲೇ ಹಾಕಿದ. "ದುರಗಪ್ಪಾ, ಕೈ ಒಡ್ಡೋ" ಎಂದ. ಕೊಟ್ಟು ಒಳಗೆ ಹೋದ.

ಆಗ ನನ್ನ ತಲೆಗೆ ಬಂದದ್ದು ಬೀಗರು ಅಂಗಡಿಯಲ್ಲಿ ಆಡಿದ ಜಾತಿಯ ಮಾತೇ. ಹಾಸ್ಟೆಲ್ ಲೈಬ್ರರಿಯಲ್ಲಿ ಓದಿದ ಒಂದು ಪುಸ್ತಕವೂ ಅದಕ್ಕೆ ಅಡ್ಡ ಬರಲಿಲ್ಲ. ಬಾಯಿಂದ ಹೊರಗೆ ಬರಲಿಲ್ಲ, ಅಷ್ಟೇ.

ದುರಗಪ್ಪ ಎಡ ಅಂಗೈಯಲ್ಲಿ ಕರಡಿಗೆಯಿಟ್ಟು, ಬಲಗೈ ಮುಚ್ಚಿ, ಗೋಡೆಯ ಹತ್ತಿರ ನಿಂತ. ಅವನ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು.

"ಮನಿಯಾಕಿ ಇರಬೇಕ್ರಿ. ಬಡ್ಕೊಳ್ಳಲಿ."

"ಕೂಡ್ರು, ಯಾಕ ನಿಂತಿ?"

"ಸಾವ್ಕಾರ್ರು ಒಳಗ ಅಂಜಿ ಮಲಗಿರ್ತಾರ. ನಾ ನಿಂತರ ಏನಾತ್ರಿ."

ಅಪ್ಪ ಅಂಜುತ್ತಾನೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅದೂ ಇವನಿಗೆ ಗೊತ್ತು.

"ಹೋಗಿ ಚಾ ಕುಡದ ಬಾ. ನಾ ಹಿಡೀತೇನಿ."

"ಅವರು ನನಗ ಕೊಟ್ಟಾರ್ರಿ."

"ಮಗಾ ನಾನೋ ನೀನೋ? ಕೊಡು."

ದುರಗಪ್ಪ ಕೈ ಮುಂದೆ ಮಾಡಿದ. ನಾನೂ ಕೈ ಒಡ್ಡಿದೆ. ಅವನು ಕೊಡಲಿಲ್ಲ, ಕಾಯುತ್ತ ನಿಂತ.

"ಎಡಗೈರಿ" ಎಂದ ಮೆಲ್ಲಗೆ.

ನನ್ನ ಎಡಗೈಯಲ್ಲಿ ಮೊಬೈಲ್ ಇತ್ತು. ಅದನ್ನು ಕಿಸೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ. ಒಡ್ಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಇರ್ಲಿ ಬಿಡು. ನೀನ ಹಿಡಿ."

ಮುಕ್ಕಾಲು ಗಂಟೆಯ ಮೇಲೆ ಅಪ್ಪ ಹೊರಗೆ ಬಂದ. ಮುಖ ಬಿಳಿಚಿಕೊಂಡಿತ್ತು. ನಾನು ಬಾಗಿಲಿನ ಎದುರಿಗೇ ಇದ್ದೆ. ಅವನ ಕಣ್ಣು ನನ್ನನ್ನು ದಾಟಿ ದುರಗಪ್ಪನ ಅಂಗೈ ಹುಡುಕಿತು. ಕರಡಿಗೆ ಕೊರಳಿಗೆ ಬಿದ್ದ ಕೂಡಲೇ ಮುಖಕ್ಕೆ ಬಣ್ಣ ಬಂತು. ಎಡಗೈ ಅದರ ಮೇಲೆ ಹೋಗಿ ಕೂತಿತು. ನಾನು ಹಾಗೆ ಹುಡುಕುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಅಷ್ಟು ದಿನ ಆ ಕಲ್ಲಿನ ಮೇಲೆ, ದುರಗಪ್ಪನ ಮೇಲೆ ಉರಿಯುತ್ತಿದ್ದವನಿಗೆ ಈಗ ಅಪ್ಪನ ಮೇಲೇ ಹೊಟ್ಟೆ ಉರಿಯಿತು.

"ರಿಪೋರ್ಟ್ ನಾಳಿಗಿ ಅಂತ" ಎಂದ. ಮೆಟ್ಟಿಲ ಹತ್ತಿರ ನಿಂತು ನನ್ನತ್ತ ತಿರುಗಿದ. "ಗುರು, ಖಾಲಿ ಕರಡಿಗಿ ಇನ್ನ ಹಾಕೋಬ್ಯಾಡ. ಇಲ್ಲಂದ್ರ ಇಲ್ಲ ಅನ್ನು. ನಾ ಏನ್ ಹೊಡೀತಿದ್ದೆನೇನ?"

"ಇಲ್ಲ."

"ತಲಿ ತಿರಗತೈತಿ. ಕೈ ಹಿಡಿ."

ಕೊಟ್ಟದ್ದು ಬಲಗೈ. ಹಿಡಿದುಕೊಂಡು ಇಳಿಸಿದೆ.