ನಾಲ್ಕು ಬೈಟಿನ ಕಾಲ, ಎಂಟು ಬೈಟಿನ ಕಾಲ

ಕಚೇರಿಯಲ್ಲಿ ಅವಳಿಗೆ ಗಡಿಯಾರದಮ್ಮ ಎಂದೇ ಹೆಸರು. ಬೇರೆ ಬೇರೆ ಪ್ರೋಗ್ರಾಮ್‌ಗಳೆಲ್ಲ ಹಂಚಿಕೊಂಡು ಬಳಸುವ, ಸಿ ಭಾಷೆಯಲ್ಲಿ ಬರೆದ ಕೋಡಿನ ಲೈಬ್ರರಿಯೊಂದರಲ್ಲಿ ಕಾಲವನ್ನು ನೋಡಿಕೊಳ್ಳುವ ಭಾಗ ಅವಳ ಪಾಲಿಗೆ ಬಂದಿತ್ತು. ಸೆಕೆಂಡುಗಳನ್ನು ಎಣಿಸಿಡಲು ಅಲ್ಲಿದ್ದದ್ದು ಬರೀ ನಾಲ್ಕು ಬೈಟಿನ ಜಾಗ. 2038ರ ಜನವರಿಗೆ ಅದು ತುಂಬಿ, ಕಾಲ ಹಿಂದಕ್ಕೆ ಹಾರಿ 1901ರ ಡಿಸೆಂಬರಿನಲ್ಲಿ ಬೀಳುತ್ತದೆ.

"ಎಂಟು ಬೈಟ್ ಮಾಡೋಣ" ಎಂದು ಅವಳು ಮೀಟಿಂಗಿನಲ್ಲಿ ಹೇಳಿದಾಗ ಮ್ಯಾನೇಜರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಷ್ಟರಲ್ಲಿ ನಾನು ರಿಟೈರ್ ಆಗಿರ್ತೀನಿ, ಬಿಡಮ್ಮ." ಸುತ್ತ ಕೂತವರೂ ತಮ್ಮ ತಮ್ಮ ಬೆರಳು ಮಡಿಸಿ ನಿರಾಳರಾದರು.

ಆಮೇಲೆ ನಿರ್ದೇಶಕರಿಗೆ ಹೊಸ ಗುರುತಿನ ಕಾರ್ಡು ಬಂತು; ಗೌರವಾರ್ಥವಾಗಿ ಅದರ ಅವಧಿ 2040ರ ಕೊನೆಯವರೆಗೆ. ಅವರ ಕೋಣೆಯ ಬೀಗವೂ ಇದೇ ಲೈಬ್ರರಿಯನ್ನು ನಂಬಿಕೊಂಡಿತ್ತು. ಅದು ಕೆಂಪು ದೀಪ ಹತ್ತಿಸಿ, ಕಾರ್ಡಿನ ಅವಧಿ 1904ರಲ್ಲೇ ಮುಗಿದಿದೆ ಎಂದಿತು.

"ಆಗ ನಮ್ಮಪ್ಪನೇ ಹುಟ್ಟಿರ್ಲಿಲ್ಲ!" ನಿರ್ದೇಶಕರು ಕಾರಿಡಾರಿನಲ್ಲಿ ಕೂಗಾಡಿದರು.

ಮ್ಯಾನೇಜರು ಓಡಿಬಂದರು. "ಈಗ್ಲೇ ಎಂಟು ಮಾಡು!"

"ಸರ್, ಏಕಾಏಕಿ ಮಾಡಿದ್ರೆ ಹಳೇ ಪ್ರೋಗ್ರಾಮ್‌ಗಳು ಕೆಡ್ತವೆ. ಅವು ನಾಲ್ಕೇ ಬೈಟಿಗೆ ಜಾಗ ಬಿಟ್ಟಿರ್ತವೆ."

"ಜಾಸ್ತಿ ಕೊಟ್ರೆ ಯಾರಾದ್ರೂ ಬೇಡ ಅಂತಾರೇನಮ್ಮ?"

ಅವಳು ಎಂಟು ಮಾಡಿದಳು. ಹಾಜರಿ ಯಂತ್ರ ಬೇಡವೆಂದಿತು. ಎಂಟು ಬೈಟಿನ ಕಾಲ ಉಕ್ಕಿ ಹರಿದು, ಪಕ್ಕದಲ್ಲಿದ್ದ ಸಿಬ್ಬಂದಿಯ ನಂಬರನ್ನು ಅಳಿಸಿಹಾಕಿತು. ಮರುದಿನ ಆ ಯಂತ್ರದ ಪ್ರಕಾರ ಕಚೇರಿಗೆ ಯಾರೂ ಬಂದಿರಲಿಲ್ಲ. ಸೊನ್ನೆ ನಂಬರಿನ ಯಾವನೋ ಒಬ್ಬ ಮಾತ್ರ ಮುನ್ನೂರು ಸಲ ಬಂದಿದ್ದ.

"ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಏನಾದ್ರೂ ಮಾಡು ತಾಯಿ" ಎಂದು ಮ್ಯಾನೇಜರು ಕೈಮುಗಿದರು.

ಅವಳು ಮೊದಲು ಎಲ್ಲವನ್ನೂ ಹಿಂದಿನಂತೆ ಮಾಡಿದಳು. ಪ್ರೋಗ್ರಾಮ್‌ಗಳು ಹೆಸರು ಹಿಡಿದು ಕರೆಯುವ ಹಳೆಯ ಫಂಕ್ಷನ್‌ಗಳನ್ನು ಮುಟ್ಟದೆ, ಪಕ್ಕದಲ್ಲೇ ಎಂಟು ಬೈಟಿನ ಹೊಸವನ್ನು ಬೇರೆ ಹೆಸರಿನಲ್ಲಿ ಕೂರಿಸಿದಳು. ಹಳೆಯ ಪ್ರೋಗ್ರಾಮು ಹಳೆಯ ಹೆಸರು ಹಿಡಿದು ಬಂದರೆ ನಾಲ್ಕು, ಹೊಸದಾಗಿ ಕಂಪೈಲ್ ಆಗಿ, ಅಂದರೆ ಯಂತ್ರದ ಭಾಷೆಗೆ ಮತ್ತೆ ಇಳಿದು ಬಂದದ್ದಕ್ಕೆ ಎಂಟು. ಒಂದೇ ಮನೆಯಲ್ಲಿ ಅತ್ತೆಗೊಂದು ಒಲೆ, ಸೊಸೆಗೊಂದು ಒಲೆ.

ಇದಕ್ಕೆ ವಾರಗಳೇ ಹಿಡಿದವು. ಅಲ್ಲಿಯವರೆಗೆ ನಿರ್ದೇಶಕರು ಮ್ಯಾನೇಜರ ಕುರ್ಚಿಯಲ್ಲಿ ಕೂತರು, ಮ್ಯಾನೇಜರು ನಿಂತರು. ಕಡಿಮೆ ಅವಧಿಯ ಕಾರ್ಡು ಕೊಡೋಣವೇ ಎಂದು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಬೀಗದ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿದ ದಿನ ಹಸಿರು ದೀಪ ಹತ್ತಿತು. ಹಾಜರಿ ಯಂತ್ರಕ್ಕೆ ಏನೋ ಬದಲಾಗಿದೆ ಎಂಬ ಸುಳಿವೇ ಸಿಗಲಿಲ್ಲ; ಅದು ತನ್ನ ಪಾಡಿಗೆ ಹಾಜರಿ ಹಾಕುತ್ತಿತ್ತು. ವರ್ಷದ ಕೊನೆಯಲ್ಲಿ ಮ್ಯಾನೇಜರು ಅವಳ ಕೆಲಸದ ಬಗ್ಗೆ ಷರಾ ಬರೆದರು: "ಕಣ್ಣಿಗೆ ಕಾಣುವಂಥ ಬದಲಾವಣೆ ಏನನ್ನೂ ಮಾಡಿಲ್ಲ."

ಅವಳು ಮನೆಗೆ ಬಂದು ಚೀಲವನ್ನು ಕುರ್ಚಿಯ ಮೇಲೆ ಎಸೆದು ಗಂಡನ ಮುಂದೆ ಉರಿದುಬಿದ್ದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು, "ನಾಳೆ ರಜೆ ಹಾಕ್ಬಿಡು. ಅದೂ ಯಾರ ಕಣ್ಣಿಗೂ ಬೀಳಲ್ಲ" ಎಂದ.

ಸಿಟ್ಟಿನ ನಡುವೆಯೇ ಅವಳಿಗೆ ನಗು ಬಂತು. ಒಂದಲ್ಲ, ಮೂರು ದಿನ ರಜೆ ಹಾಕಿದಳು.